ಟೊಮೆಟೊ ಮಂಡಿಗೆ ಬಿಎಸ್-6 ಗಾಡಿ: ನನ್ನ ಅನುಭವ

"ತೋಟದಿಂದ ಮಂಡಿಗೆ ಹೊಡೆಯೋಕೆ ಬಿಎಸ್-6 ಆಗಲ್ಲ, ಆರು ತಿಂಗಳಲ್ಲಿ ಮಾರ್ತೀಯ" ಎಂದು ಕೋಲಾರದ ಮಂಡಿಯಲ್ಲಿ ಎಲ್ಲರೂ ಹೇಳಿದ್ದರು. ಬಿಎಸ್-6 ಎಂದರೆ ಗಾಡಿ ಹೊಗೆಗೆ ಬಿಗಿ ಮಿತಿ ಹಾಕಿದ ಸರ್ಕಾರದ ನಿಯಮ. ಗಾಡಿ ಇನ್ನೂ ನನ್ನ ಹತ್ತಿರವೇ ಇದೆ. ಸೈಲೆನ್ಸರ್‌ನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಕೂಡ ಕಂಪನಿಯಿಂದ ಬಂದದ್ದೇ.

ಮೊದಲ ಸೀಸನ್ ಹಿಂಡಿ ಹಾಕಿತು. ಶ್ರೀನಿವಾಸಪುರದ ಕಡೆಯಿಂದ ಸಣ್ಣ ಸಣ್ಣ ಟ್ರಿಪ್. ಆಮೇಲೆ ಮಂಡಿ ಕ್ಯೂ. ಸೈಲೆನ್ಸರ್ ಸರಿಯಾಗಿ ಬಿಸಿಯೇ ಆಗದು, ಮಸಿ ಸುಡದು. ರೀಜನ್ (ಹೆಚ್ಚುವರಿ ಡೀಸೆಲ್ ಹಾಯಿಸಿ ಫಿಲ್ಟರ್‌ನ ಮಸಿ ಸುಡುವುದು) ಶುರುವಾಗುವಷ್ಟರಲ್ಲಿ ತೋಟ ಬಂದಿರುತ್ತದೆ. ಅರ್ಧಕ್ಕೆ ನಿಂತ ರೀಜನ್‌ಗಳ ಡೀಸೆಲ್ ಆಯಿಲ್‌ಗೆ ಇಳಿದು ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿತ್ತು. ಒಮ್ಮೆ ಲೋಡ್ ಸಮೇತ ಇಂಜಿನ್ ಪವರ್ ಕಟ್ ಆಯಿತು. ಟೋಯಿಂಗ್, ವರ್ಕ್‌ಶಾಪ್ ರೀಜನ್, ಆಯಿಲ್, ಹೋದ ಬಾಡಿಗೆ ಸೇರಿ ನಲವತ್ತು ಸಾವಿರದ ಹತ್ತಿರ.

"ಫಿಲ್ಟರ್ ಒಳಗಿನದ್ದು ತೆಗೆದುಬಿಡೋಣ ಅಣ್ಣ, ಹದಿನೈದು ಸಾವಿರ" ಎಂದರು ಒಂದು ಗ್ಯಾರೇಜಿನಲ್ಲಿ. ಒಪ್ಪಲಿಲ್ಲ. ಹಮಾಲಿಗಳು ಕ್ರೇಟ್ ಹೊತ್ತು ಓಡಾಡುವುದು ನಮ್ಮ ಸೈಲೆನ್ಸರ್ ಪಕ್ಕದಲ್ಲೇ ಅಲ್ವಾ? ಹಳೇ ಗಾಡಿಗಳ ಹೊಗೆ ಕುಡಿದು ರಾತ್ರಿಯಿಡೀ ಕೆಮ್ಮುವವರನ್ನು ನೋಡಿದ್ದೇನೆ. ಭಾರಿ ಇಂಜಿನ್‌ಗೆ ಹೊಗೆಯ ವಿಷಾನಿಲವಾದ ನೈಟ್ರೋಜನ್ ಆಕ್ಸೈಡ್ ಮಿತಿ ಹಿಂದಿನ ಬಿಎಸ್-4ರಲ್ಲಿ ಕಿಲೋವ್ಯಾಟ್ ಗಂಟೆಗೆ 3.5 ಗ್ರಾಂ ಇತ್ತು, ಬಿಎಸ್-6ರಲ್ಲಿ 0.46. 2020ರ ಏಪ್ರಿಲ್‌ನಿಂದ ಡೀಸೆಲ್‌ನ ಗಂಧಕವನ್ನೂ 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಪಾಲು) 10ಕ್ಕೆ ಇಳಿಸಿದರು. ಇಷ್ಟೆಲ್ಲ ಆದ ಮೇಲೆ ಫಿಲ್ಟರ್ ಕಿತ್ತು ಬಿಸಾಡಿದರೆ ಏನು ಬಂತು?

ದಾರಿ ಸಿಕ್ಕಿದ್ದು ಟ್ರಿಪ್ ಜೋಡಿಸುವುದರಲ್ಲಿ. ತೋಟದ ಟ್ರಿಪ್‌ಗಳ ನಡುವೆ ವಾರಕ್ಕೆ ಒಂದೆರಡು ಚೆನ್ನೈ ಲೋಡ್ ಹಿಡಿದೆ. ಮುಳಬಾಗಿಲು, ನಂಗಲಿ ದಾಟುವ ಹೈವೇಯಲ್ಲಿ ಆರ್‌ಪಿಎಂ ಬೀಳದಂತೆ ಒಂದೇ ಸಮ ಓಡಿಸಿದರೆ ರೀಜನ್ ಅರ್ಧಕ್ಕೆ ನಿಲ್ಲದೆ ಫಿಲ್ಟರ್ 600 ಡಿಗ್ರಿ ಹತ್ತಿರ ಹೋಗುತ್ತದೆ, ಮಸಿ ಪೂರ್ತಿ ಸುಡುತ್ತದೆ. ಯಾವ ಗೇರು, ಎಷ್ಟು ಆರ್‌ಪಿಎಂ ಎನ್ನುವುದು ನನ್ನಲ್ಲೇ ಇರಲಿ. ಕ್ಯೂನಲ್ಲಿ ಇಂಜಿನ್ ಆಫ್. ಅದರಿಂದ ತಿಂಗಳಿಗೆ ಎರಡು ಸಾವಿರದಷ್ಟು ಡೀಸೆಲ್ ಉಳಿಯಿತು. ನಿಲ್ಲಿಸಿ ರೀಜನ್ ಮಾಡುವಾಗ ಮಾತ್ರ ಸೈಲೆನ್ಸರ್ ಕೆಳಗೆ ಒಣಹುಲ್ಲು ಇರಬಾರದು.

ಡೆಫ್ (ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಹಾಕುವ ಯೂರಿಯಾ ದ್ರಾವಣ) ವಿಷಯದಲ್ಲಿ ಜಿಪುಣತನ ಬೇಡ. ಗೊಬ್ಬರದ ಯೂರಿಯಾ ಕಲಸಿ ಹಾಕುವವರಿದ್ದಾರೆ. ಅದಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ಇಂಜೆಕ್ಟರ್ ಕಟ್ಟುತ್ತದೆ, ಕ್ಯಾಟಲಿಸ್ಟ್ ಹಾಳು. ಅದೂ ಅಲ್ಲದೆ ಅದು ರೈತರ ಸಬ್ಸಿಡಿ ಗೊಬ್ಬರ. ನನ್ನ ಡೀಸೆಲ್‌ನ ನೂರಕ್ಕೆ ನಾಲ್ಕು ಪಾಲಿನಷ್ಟು ಡೆಫ್ ಹೋಗುತ್ತದೆ, ಅಷ್ಟೇ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಟೊಮೆಟೊ ಸಿಹಿ ನೋಡುವ ಬ್ರಿಕ್ಸ್ ಮೀಟರ್‌ಗೆ ಸೀಲ್ ಒಡೆದ ಹೊಸ ಡೆಫ್‌ನ ಒಂದು ಹನಿ ಹಾಕಿದರೆ 31ರ ಆಸುಪಾಸು ತೋರಿಸುತ್ತದೆ. ಡೆಫ್‌ನಲ್ಲಿ ಯೂರಿಯಾ ನೂರಕ್ಕೆ 32.5 ಇರಬೇಕು, ಆದರೆ ಮೀಟರ್ ಸಕ್ಕರೆ ಅಳತೆಯದು, ಅದಕ್ಕೇ ಅಂಕಿ ಸ್ವಲ್ಪ ಬೇರೆ. ನೀರು ಬೆರೆಸಿದ ಒಂದು ಬಕೆಟ್ ಹೀಗೇ ಸಿಕ್ಕಿಬಿತ್ತು, ವಾಪಸ್ ಕೊಟ್ಟೆ.

ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ. ಅದಕ್ಕೇ ಬೂದಿ ಕಡಿಮೆ ಇರುವ ಸಿಕೆ-4 ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಲ್ಲ. ಲೀಟರಿಗೆ ನೂರು ರೂಪಾಯಿ ಜಾಸ್ತಿ. ಹೊಸ ಫಿಲ್ಟರ್‌ಗೆ ಲಕ್ಷದ ಮೇಲೆ ಹೇಳಿದ್ದರು.