ಮಳೆಯಲ್ಲಿ ಓಡಿದ ಬೈಕನ್ನು ತೊಳೆದರಷ್ಟೇ ಸಾಲದು

ಮಳೆಯಲ್ಲಿ ಓಡಿಸಿ ತಂದ ಬೈಕಿಗೆ ರಭಸದಿಂದ ನೀರು ಹಾಯಿಸಿ, ಟ್ಯಾಂಕು ಹೊಳೆದ ಕೂಡಲೇ ಕವರು ಹೊದಿಸಿ ನಿಲ್ಲಿಸುವವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಮರುದಿನ ಕವರು ತೆಗೆದಾಗ ಚೈನಿನ ಮೇಲೆ ಕೆಂಬಣ್ಣದ ತುಕ್ಕು ಕೂತಿರುತ್ತದೆ. ನೀರಿನೊಂದಿಗೆ ಬಂದ ಮರಳು ಮತ್ತು ಸಂದುಗಳಲ್ಲಿ ಉಳಿದುಬಿಡುವ ತೇವ, ಇವೆರಡೇ ಬೈಕನ್ನು ಸವೆಸುತ್ತವೆ. ಆದ್ದರಿಂದ ತೊಳೆಯುವುದಕ್ಕೆ ಕೊಡುವಷ್ಟೇ ಸಮಯವನ್ನು ಒಣಗಿಸುವುದಕ್ಕೂ ಎಣ್ಣೆ ಹಾಕುವುದಕ್ಕೂ ಕೊಡಬೇಕು.

ಮೊದಲ ಹಂತದಲ್ಲಿ ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣಿಯಲಿ.

ಎರಡನೆಯ ಹಂತ ಚೈನಿನದು. ಚೈನಿನ ಕೊಳೆ ತೆಗೆಯುವುದು ಬೈಕು ತೊಳೆಯುವುದಕ್ಕೆ ಮೊದಲು, ಎಣ್ಣೆ ಹಾಕುವುದು ಎಲ್ಲ ಒಣಗಿದ ಮೇಲೆ. ಈ ಕ್ರಮ ತಪ್ಪಿದರೆ ತೊಳೆದ ಚಕ್ರಕ್ಕೆ ಕಪ್ಪು ಜಿಡ್ಡು ಸಿಡಿಯುತ್ತದೆ, ಇಲ್ಲವೇ ಹೊಸ ಎಣ್ಣೆ ಸೋಪಿನ ನೀರಿನೊಂದಿಗೆ ಹರಿದುಹೋಗುತ್ತದೆ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೀಲಿ ತೆಗೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದಲೇ ತಿರುಗಿಸಿರಿ. ಎಂಜಿನ್ ಚಾಲೂ ಇಟ್ಟು, ಗೇರಿನಲ್ಲಿ ತಿರುಗುವ ಚೈನಿಗೆ ಬಟ್ಟೆ ಹಿಡಿಯುವ ಅಡ್ಡದಾರಿಯನ್ನು ಎಂದಿಗೂ ಹಿಡಿಯಬಾರದು. ಚೈನು ಕೂರುವ ಹಲ್ಲಿನ ಗಾಲಿ, ಅಂದರೆ ಸ್ಪ್ರಾಕೆಟ್, ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ.

ಹಲವು ಬೈಕುಗಳ ಚೈನಿನಲ್ಲಿ ಕೊಂಡಿಗಳ ನಡುವೆ ಸಣ್ಣ ರಬ್ಬರ್ ಓ-ರಿಂಗ್‌ಗಳಿರುತ್ತವೆ. ಕಾರ್ಖಾನೆಯಲ್ಲೇ ತುಂಬಿದ ಗ್ರೀಸನ್ನು ಪಿನ್ನುಗಳ ಸುತ್ತ ಹಿಡಿದಿಡುವುದು ಮತ್ತು ನೀರನ್ನು ಹೊರಗಿಡುವುದು ಅವುಗಳ ಕೆಲಸ. ಪೆಟ್ರೋಲ್ ಈ ರಬ್ಬರನ್ನು ಕೆಡಿಸುತ್ತದೆ, ತಂತಿ ಬ್ರಷ್ಷು ಹರಿದುಹಾಕುತ್ತದೆ. ಚೈನ್ ಕ್ಲೀನರನ್ನು, ಅದಿಲ್ಲದಿದ್ದರೆ ಸೀಮೆಎಣ್ಣೆಯನ್ನು, ಮೆದುವಾದ ಬ್ರಷ್ಷಿಗೆ ಹಚ್ಚಿಕೊಂಡು ಚೈನಿನ ನಾಲ್ಕೂ ಮೈ ಉಜ್ಜಿ, ಕೊಳೆ ಸಡಿಲವಾದ ಕೂಡಲೇ ಒರೆಸಿರಿ. ಟಯರು ಮತ್ತು ಬ್ರೇಕ್ ಡಿಸ್ಕಿಗೆ ಹನಿ ತಾಗದಂತೆ ಹಳೆಯ ರಟ್ಟನ್ನು ಅಡ್ಡ ಹಿಡಿಯುವುದು ಕಡ್ಡಾಯ.

ಮೂರನೆಯದು ತೊಳೆಯುವುದು. ಒಣಗಿದ ಕೆಸರನ್ನು ಉಜ್ಜದೆ ಮೊದಲು ನೀರಿನಲ್ಲಿ ನೆನೆಸಿ, ಬಳಿಕ ವಾಹನದ ಶಾಂಪೂ ಮತ್ತು ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಬಟ್ಟೆ ಒಗೆಯುವ ಪುಡಿ ಬಣ್ಣದ ಮೇಲಿನ ವ್ಯಾಕ್ಸನ್ನು ಕಿತ್ತುಹಾಕುವುದರಿಂದ ಅದು ಬೇಡ. ಪ್ರೆಶರ್ ವಾಷರನ್ನು ನಾನು ಬೈಕಿನ ಹತ್ತಿರಕ್ಕೂ ಬಿಡುವುದಿಲ್ಲ. ಅದರ ನೀರು ಚಕ್ರದ ಬೇರಿಂಗ್, ಹ್ಯಾಂಡಲಿನ ಬೇರಿಂಗ್, ವೈರಿಂಗ್ ಕನೆಕ್ಟರುಗಳ ಒಳಗೆ ನುಗ್ಗುತ್ತದೆ, ಅಲ್ಲಿಂದ ಸುಲಭವಾಗಿ ಹೊರಬರುವುದಿಲ್ಲ.

ನಂತರ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಸೀಟು ತೆಗೆದು ಗಾಳಿಗೆ ಬಿಡಿರಿ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗಳನ್ನು ಬೇರೆಯೇ ಬಟ್ಟೆಯಿಂದ ಒರೆಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಒಣಗಿದ ಕೆಸರು, ಫೋರ್ಕಿನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲನ್ನು ಗೀರುತ್ತದೆ.

ಈಗ ಚೈನಿಗೆ ಲೂಬ್, ಅಂದರೆ ಚೈನಿಗೆಂದೇ ಇರುವ ಎಣ್ಣೆ. ಕೆಳಭಾಗದಲ್ಲಿ ಸಾಗುವ ಚೈನಿನ ಒಳಮೈಗೆ, ಎರಡೂ ಅಂಚಿನ ಓ-ರಿಂಗ್‌ಗಳ ಸಾಲಿಗೆ, ಚಕ್ರ ತಿರುಗಿಸುತ್ತಾ ತೆಳುವಾಗಿ ಸಿಂಪಡಿಸಿರಿ. ಒಳಮೈಗೇ ಏಕೆಂದರೆ, ಚೈನು ತಿರುಗುವಾಗ ಎಣ್ಣೆ ತಾನಾಗಿ ಹೊರಮುಖವಾಗಿ ಹರಡಿಕೊಳ್ಳುತ್ತದೆ. ಅರ್ಧ ಗಂಟೆಯ ಬಳಿಕ ಹೆಚ್ಚಾದುದನ್ನು ಒರೆಸದಿದ್ದರೆ ಅದೇ ಜಿಡ್ಡು ಮರಳನ್ನು ಹಿಡಿದು ಸ್ಪ್ರಾಕೆಟ್ಟಿನ ಹಲ್ಲನ್ನು ಅರೆಯುತ್ತದೆ. ಬಳಸಿದ ಎಂಜಿನ್ ಆಯಿಲಿನಲ್ಲಿ ಲೋಹದ ಕಣಗಳಿರುವುದರಿಂದ ಅದನ್ನು ಸುರಿಯಬಾರದು. ತುಕ್ಕು ಬಿಡಿಸುವ ಸ್ಪ್ರೇಗಳು ನೀರನ್ನು ಹೊರದೂಡುತ್ತವೆಯೇ ಹೊರತು ಚೈನಿನ ಮೇಲೆ ಬಾಳುವ ಪದರ ಕೊಡುವುದಿಲ್ಲ. ಚೈನಿನ ಸಡಿಲವನ್ನೂ, ಅಂದರೆ ಕೆಳಭಾಗದ ಚೈನು ನಡುವಿನಲ್ಲಿ ಮೇಲೆ ಕೆಳಗೆ ಎಷ್ಟು ಆಡುತ್ತದೆ ಎಂಬುದನ್ನೂ, ಇದೇ ಹೊತ್ತಿನಲ್ಲಿ ಅಳೆಯಿರಿ: ಅನೇಕ ಬೈಕುಗಳಿಗೆ 25ರಿಂದ 35 ಮಿ.ಮೀ. ಇರುತ್ತದೆ, ಆದರೆ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ.

ಕ್ಲಚ್ ಮತ್ತು ಬ್ರೇಕ್ ಲಿವರಿನ ಕೀಲುಗಳಿಗೂ ಸೈಡ್ ಸ್ಟ್ಯಾಂಡಿಗೂ ಒಂದಿಷ್ಟು ಗ್ರೀಸ್ ಸಾಕು.

ಕೊನೆಯಲ್ಲಿ ನಿಧಾನವಾಗಿ ಓಡಿಸುತ್ತಾ ಎರಡೂ ಬ್ರೇಕನ್ನು ಕೆಲವು ಬಾರಿ ಹಿಡಿದು ಒಣಗಿಸಿರಿ. ಬೆಳಿಗ್ಗೆ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕಂಡರೆ ಗಾಬರಿ ಬೇಡ, ಮೊದಲ ಕೆಲವು ಬ್ರೇಕಿಗೇ ಅದು ಅಳಿಸಿಹೋಗುತ್ತದೆ. ಅದನ್ನು ತಡೆಯಲೆಂದು ಡಿಸ್ಕಿಗೆ ಎಣ್ಣೆ ಸವರಿದರೆ ಮಾತ್ರ ಬ್ರೇಕು ಹಿಡಿಯುವುದಿಲ್ಲ.