‘ಗಂಭೀರ’, ‘ಶಾಂತ’ ಎರಡನ್ನೂ ಬೋರ್ಡಿನಿಂದ ಅಳಿಸಿದ ಮೇಲೆ ಪಾಠ ಹತ್ತಿತು

ಎಸ್‌ಡಿಎ, ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳಿಗೆ ಇಂಗ್ಲಿಷ್ ಹೇಳಿಕೊಡುವವರಿಗೆ ಈ ಎರಡು ಸಾಲು ಬಾಯಿಪಾಠ. ಸೀರಿಯಸ್, ಗ್ರೇವ್, ಸಾಲಮ್ (solemn), ಸೋಬರ್, ಅರ್ನೆಸ್ಟ್, ಸೆಡೇಟ್, ಸ್ಟೇಡ್ (staid) ಒಂದು ಕಡೆ. ಕಾಮ್, ಕಂಪೋಸ್ಡ್, ಸಿರೀನ್, ಪ್ಲಾಸಿಡ್, ಟ್ರಾಂಕ್ವಿಲ್ ಇನ್ನೊಂದು ಕಡೆ. ಮೊದಲ ಸಾಲಿನ ಮುಂದೆ ‘ಗಂಭೀರ’, ಎರಡನೆಯದರ ಮುಂದೆ ‘ಶಾಂತ’ ಎಂದು ಬರೆದು ಮುಂದಿನ ಪಾಠಕ್ಕೆ ಹೋಗುವುದು ಕಲಬುರಗಿ ಕೋಚಿಂಗ್ ಕ್ಲಾಸುಗಳ ವಾಡಿಕೆ. ಪಟ್ಟಿ ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆ ಎಂದಾಗ ಜೊತೆಯ ಮಾಸ್ತರರೆಲ್ಲ, “ಹುಡುಗರಿಗೆ ಆನ್ಸರ್ ಬೇಕ್ರಿ ಸರ್, ಸಾಹಿತ್ಯ ಅಲ್ಲ” ಅಂದಿದ್ದರು. ಈಗ ಎರಡು ಬ್ಯಾಚು ದಾಟಿವೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಸೂಪರ್ ಮಾರ್ಕೆಟ್ ಹತ್ತಿರ ಮೇಲ್ಮಹಡಿಯ ಹಾಲ್‌ಗೆ ತಿಂಗಳಿಗೆ ಸುಮಾರು ಒಂಬತ್ತು ಸಾವಿರ ಬಾಡಿಗೆ. ಪಟ್ಟಿಗಳನ್ನೆಲ್ಲ ಸೇರಿಸಿ ಒಂದು ಪುಸ್ತಿಕೆ ಹಾಕಿಸಿದೆ. ಐನೂರು ಪ್ರತಿಗೆ ಹದಿನೆಂಟು ಸಾವಿರವೋ ಹತ್ತೊಂಬತ್ತೋ ಹೋಯಿತು. ನೂರರ ಆಸುಪಾಸು ಮಾರಾಟವಾಗಿ ಉಳಿದದ್ದು ರದ್ದಿಗೆ ಬಿತ್ತು. ಆಮೇಲೆ ಚೀಟಿ ಆಟ: ಒಂದು ಮುಖಕ್ಕೆ ಇಂಗ್ಲಿಷ್, ಇನ್ನೊಂದಕ್ಕೆ ಕನ್ನಡ. ಹುಡುಗರು ಆಡಿದರು, ನಕ್ಕರು. ಮಾಕ್ ಟೆಸ್ಟಿನಲ್ಲಿ ಹತ್ತಕ್ಕೆ ಮೂರು ಬಂದರೆ ಹೆಚ್ಚು. ‘ಗಂಭೀರ’ ಎಂದು ಏಳು ಚೀಟಿಯ ಹಿಂದೆ ಬರೆದಿದ್ದರೆ ನಾಲ್ಕು ಆಯ್ಕೆ ಕೊಟ್ಟು ಖಾಲಿ ಜಾಗ ತುಂಬಿಸು ಅಂದಾಗ ಅವರು ತಾನೆ ಯಾವುದನ್ನು ಹಿಡಿಯಬೇಕು?

ಮೂರನೆಯದು ನನಗೆ ಬಹಳ ಹಿಡಿಸಿದ್ದ ಯೋಜನೆ. ಬೋರ್ಡಿನ ಮೇಲೆ ಥರ್ಮಾಮೀಟರ್ ಬರೆದು ಶಬ್ದಗಳನ್ನು ಡಿಗ್ರಿ ಪ್ರಕಾರ ಏರಿಸುವುದು. ಕೆಳಗೆ ಸೀರಿಯಸ್, ಮೇಲೆ ಗ್ರೇವ್. ಇಲ್ಲಿಯವರೆಗೆ ಸರಿ, ಸೀರಿಯಸ್ ಡೇಂಜರ್‌ಗಿಂತ ಗ್ರೇವ್ ಡೇಂಜರ್ ದೊಡ್ಡದೇ. ಆದರೆ ಸಾಲಮ್ ಯಾವ ಡಿಗ್ರಿಗೆ? ಮಂತ್ರಿಯ ಪ್ರಮಾಣವಚನ ಐಸಿಯು ರೋಗಿಗಿಂತ ಮೇಲೋ ಕೆಳಗೋ? ಮೂರನೇ ಶಬ್ದಕ್ಕೇ ಥರ್ಮಾಮೀಟರ್ ನಿಂತುಹೋಯಿತು. ಈ ಶಬ್ದಗಳಲ್ಲಿ ಹೆಚ್ಚು–ಕಡಿಮೆಯ ಜೋಡಿ ಸೀರಿಯಸ್–ಗ್ರೇವ್ ಮಾತ್ರ. ಉಳಿದವುಗಳ ಜಾತಿಯೇ ಬೇರೆ ಬೇರೆ.

ದಾರಿ ತೋರಿಸಿದ್ದು ಜೇವರ್ಗಿ ಕಡೆಯ ಒಬ್ಬ ಹುಡುಗಿ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದಿಂದ ಸೀರೆ ಅಂಗಡಿಯಲ್ಲಿ ಕೆಲಸ. “ಸೋಬರ್ ಅಂದ್ರ ಗೊತ್ತದ್ರಿ ಸರ್. ದಿನಾ ಕೇಳ್ತೀನಿ. ‘ಇಷ್ಟು ಝಗಮಗ ಬ್ಯಾಡ, ಸೋಬರ್ ಕಲರ್ ತಗಿ’ ಅಂತಾರಲ್ರಿ.” ಅಷ್ಟೇ ಸಾಕಾಯಿತು. ಕುಡಿದಿಲ್ಲದ ಮನುಷ್ಯ ಸೋಬರ್, ಮೈಮೇಲೆ ಬೀಳದ ಬಣ್ಣ ಸೋಬರ್, ಉದ್ವೇಗವಿಲ್ಲದೆ ಹೇಳಿದ ಅಭಿಪ್ರಾಯ ಸೋಬರ್. ಮೂರರಲ್ಲೂ ಅಮಲಿಲ್ಲ. ಈ ಮಕ್ಕಳಿಗೆ ಶಬ್ದ ಗೊತ್ತಿಲ್ಲ ಎಂದುಕೊಂಡು ನಾವು ಕಲಿಸುತ್ತೇವೆ. ಶಬ್ದ ಅವರಿಗೆ ಗೊತ್ತು. ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ, ಅಂಗಡಿಯಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ ಕೇಳಿದ್ದಾರೆ. ಮರುದಿನವೇ ಬೋರ್ಡಿನ ಮೇಲಿನ ‘ಗಂಭೀರ’, ‘ಶಾಂತ’ ಅಳಿಸಿದೆ. ಇನ್ನು ಮೇಲೆ ಅರ್ಥ ಹೇಳುವಂತಿಲ್ಲ, ವಿಳಾಸ ಹೇಳಬೇಕು ಎಂದೆ. ಈ ಶಬ್ದ ಊರಿನಲ್ಲಿ ಎಲ್ಲಿ ಸಿಗುತ್ತದೆ?

ಸೀರಿಯಸ್ ಎಲ್ಲ ಕಡೆ ಸಿಗುತ್ತದೆ, ಅದಕ್ಕೇ ಪರೀಕ್ಷೆಯಲ್ಲಿ ಅದು ಮೋಸದ ಆಯ್ಕೆ. ಗ್ರೇವ್‌ನ ವಿಳಾಸ ಕೋರ್ಟು. ‘ಗ್ರೇವ್ ಅಂಡ್ ಸಡನ್ ಪ್ರವೊಕೇಶನ್’, ಕೊಲೆಯ ಕುರಿತ ಹಳೆಯ ಐಪಿಸಿ 300ನೇ ಕಲಮಿನ ಮೊದಲ ವಿನಾಯಿತಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 101. ಪಿಎಸ್‌ಐ ಹುಡುಗರಿಗೆ ಇದು ಒಂದೇ ಸಲಕ್ಕೆ ಕೂತುಬಿಡುತ್ತದೆ. “ಗ್ರೇವ್ ಅಂದ್ರ ಗೋರಿ ಅಲ್ಲೇನ್ರಿ ಸರ್?” ಎಂದು ಪ್ರತಿ ಬ್ಯಾಚಿನಲ್ಲಿ ಒಬ್ಬ ಕೇಳುತ್ತಾನೆ, ಹಫ್ತ್ ಗುಂಬಜ್ ಎಂಬ ಸುಲ್ತಾನರ ಗೋರಿಗಳಿರುವ ಊರಲ್ಲವೇ. ಆ ಗ್ರೇವ್ ಅಗೆಯುವುದರಿಂದ ಬಂದ ಹಳೆಯ ಇಂಗ್ಲಿಷ್ ಶಬ್ದ. ಈ ಗ್ರೇವ್ ‘ಭಾರ’ ಎಂಬ ಲ್ಯಾಟಿನ್‌ನಿಂದ ಬಂದದ್ದು, ಗ್ರಾವಿಟಿಯ ಒಡಹುಟ್ಟು. ಹಾಗಾಗಿ ಪರಿಸ್ಥಿತಿ ಗ್ರೇವ್, ಪರಿಣಾಮ ಗ್ರೇವ್, ಸುದ್ದಿ ತಂದವನ ಮುಖ ಗ್ರೇವ್. ದಿನಾ ಓದುವ ಹುಡುಗ ಮಾತ್ರ ಗ್ರೇವ್ ಅಲ್ಲ, ಸೀರಿಯಸ್.

ಸಾಲಮ್ ಮೇಲೆ ನಾನು ಒಂದು ಇಡೀ ತಾಸು ಕೊಡುತ್ತೇನೆ. ‘ಗಂಭೀರ’ ಎಂಬ ಪಟ್ಟಿಯ ಅರ್ಥ ಪೂರಾ ಕುಸಿಯುವುದು ಇಲ್ಲೇ. ದೇವರ ಹೆಸರಿನಲ್ಲಿ ಪ್ರಮಾಣ ಬೇಡ ಎನ್ನುವವರಿಗೆ ಸಂವಿಧಾನದ ಮೂರನೇ ಅನುಸೂಚಿ ಇಟ್ಟಿರುವ ಮಾತು ‘ಸಾಲಮ್ಲಿ ಅಫರ್ಮ್’. ಪೀಠಿಕೆಯಲ್ಲಿ ‘ಸಾಲಮ್ಲಿ ರಿಸಾಲ್ವ್ಡ್’. ಇವನ್ನು ಎಲ್ಲರೂ ಹೇಳುತ್ತಾರೆ. ನಾನು ಅವರನ್ನು ಮದುವೆ ನೋಂದಣಿ ಕಚೇರಿಗೆ ಕರೆದೊಯ್ಯುತ್ತೇನೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ‘ಸಾಲಮ್ನೈಸ್’ ಆಗುತ್ತದೆ. ಮದುಮಗಳು ನಗುತ್ತಿರುತ್ತಾಳೆ, ಪೇಢೆ ಹಂಚುತ್ತಿರುತ್ತಾರೆ, ಆದರೂ ಸಂದರ್ಭ ಸಾಲಮ್. ಸಾಕ್ಷಿ ಬೇಕು, ವಿಧಿ ಬೇಕು, ಆಡಿದ ಮಾತು ಹಿಂದಕ್ಕೆ ಬರಬಾರದು. ಇಷ್ಟಾದ ಮೇಲೆ ‘ಸಾಲಮ್ ಪ್ರಾಮಿಸ್’ ಎಂದರೇನೆಂದು ಯಾರೂ ಕೇಳುವುದಿಲ್ಲ.

ಅರ್ನೆಸ್ಟ್‌ಗೆ ಗುತ್ತಿಗೆದಾರರ ಮಕ್ಕಳು ಬೇಕು. ಟೆಂಡರ್ ಹಾಕುವಾಗ ಕಟ್ಟುವ ಇಎಂಡಿ ಎಂದರೆ ‘ಅರ್ನೆಸ್ಟ್ ಮನಿ ಡಿಪಾಸಿಟ್’. ಆ ಅರ್ನೆಸ್ಟ್‌ನ ಬುಡ ಬೇರೆಯೇ. ಆದರೂ ‘ಕೆಲಸ ಮಾಡುವ ಮನಸ್ಸು ನಿಜವಾಗಿಯೂ ಇದೆ’ ಎಂಬ ಭಾವ ಹಿಡಿಸಲು ಅದಕ್ಕಿಂತ ಗಟ್ಟಿ ಕೊಕ್ಕೆ ನನಗೆ ಸಿಕ್ಕಿಲ್ಲ. ಸೆಡೇಟ್ ನಿಧಾನ ನಡಿಗೆಯ ಗೌರವ. ಆಸ್ಪತ್ರೆಯ ಸೆಡೇಶನ್ ನೆನೆದರೆ ಸಾಕು. ಸ್ಟೇಡ್‌ನಲ್ಲಿ ಸಣ್ಣ ದೂರು ಇದೆ: ನಿಂತಲ್ಲೇ ನಿಂತವನು, ಹೊಸದು ಒಲ್ಲದವನು. ‘ಸ್ಟೇ’ ಮಾಡಿದವನು ಎಂಬುದೇ ಅದರ ಮೂಲ. ಆಯ್ಕೆಗಳಲ್ಲಿ ಹೊಗಳಿಕೆ ಬೇಕಿದ್ದರೆ ಅದನ್ನು ಮೊದಲು ಹೊಡೆದು ಹಾಕಿ.

ಎರಡನೇ ಸಾಲಿಗೆ ಪಾಠ ನಡೆದದ್ದು ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡರ ಬ್ಯಾಚು. ಹೊರಗೆ ನಲವತ್ತೆರಡು ದಾಟಿದ ಬಿಸಿಲು. ಹುಡುಗರನ್ನು ಕಿಟಕಿಗೆ ಕರೆದು ರಸ್ತೆ ತೋರಿಸಿದೆ. ಒಂದು ಆಟೋ ಇಲ್ಲ, ಬಂಡಿಯವರು ತಾಡಪತ್ರಿ ಎಳೆದುಕೊಂಡು ಮಲಗಿದ್ದರು. ಕಾಮ್ ಎಂಬ ಶಬ್ದದ ಮೂಲವನ್ನು ನಿಘಂಟುಗಳು ಗ್ರೀಕಿನ ‘ಕೌಮ’ಕ್ಕೆ, ಅಂದರೆ ಸುಡುವ ಬಿಸಿಲಿಗೆ, ಒಯ್ಯುತ್ತವೆ. ಆ ಹೊತ್ತಿಗೆ ಎಲ್ಲರೂ ಕೆಲಸ ಬಿಟ್ಟು ನೆರಳಿಗೆ ಸೇರುವುದರಿಂದ ಬಿಸಿಲು ಎಂಬ ಅರ್ಥ ಹೋಗಿ ಸದ್ದಡಗಿದ ಹೊತ್ತು ಎಂಬುದು ಉಳಿಯಿತಂತೆ. ಯುರೋಪಿನ ಶಬ್ದವನ್ನು ಕಲಬುರಗಿಯ ಮಧ್ಯಾಹ್ನದಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸದು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಾಮ್‌ನಲ್ಲಿ ಇನ್ನೊಂದು ಗುಟ್ಟು: ಅದು ಕೆಡಬಹುದಾದ ಶಾಂತಿ. ಸಮುದ್ರ ಕಾಮ್, ಸಂಜೆಗೆ ಅಲೆ ಏಳಬಹುದು. ಗಾಳಿ ಅಳೆಯುವ ಬೋಫರ್ಟ್ ಮಾಪಕದಲ್ಲಿ ಸೊನ್ನೆಗೆ ಹೆಸರೇ ಕಾಮ್, ಹೊಗೆ ನೆಟ್ಟಗೆ ಮೇಲೇರುವ ಸ್ಥಿತಿ.

ಕಂಪೋಸ್ಡ್‌ಗೆ ಧೋನಿ ಸಾಕು. ಎದೆಯೊಳಗೆ ಏನಾದರೂ ಆಗುತ್ತಿರಬೇಕು, ಮುಖದ ಮೇಲೆ ಬರಬಾರದು. ಸಿರೀನ್‌ಗೆ ಹೇಳುವುದಕ್ಕಿಂತ ಬುದ್ಧ ವಿಹಾರಕ್ಕೆ ಕರೆದೊಯ್ಯುವುದು ಮೇಲು. ಸಿಟಿ ಬಸ್ಸಿನಲ್ಲಿ ಹೋಗಿ ಮೂರ್ತಿಯ ಮುಖ ನೋಡಿ ಬಂದೆವು. ಆ ಮುಖದ ಒಳಗೆ ಅದುಮಿಟ್ಟದ್ದು ಯಾವುದೂ ಇಲ್ಲ. ಲ್ಯಾಟಿನ್‌ನಲ್ಲಿ ಆ ಶಬ್ದ ಮೋಡವಿಲ್ಲದ ಆಕಾಶಕ್ಕೆ ಹೇಳುವುದು. ಕಂಪೋಸ್ಡ್ ಮತ್ತು ಸಿರೀನ್ ನಡುವಿನ ವ್ಯತ್ಯಾಸ ಆ ಪ್ರಯಾಣದ ಮೇಲೆ ಯಾರೂ ಮರೆತಿಲ್ಲ. ಪ್ಲಾಸಿಡ್ ಎಂದರೆ ಭೀಮಾ ಹೊಳೆಯಲ್ಲಿ ಕೂತ ಎಮ್ಮೆ ಎಂದು ಅಫಜಲಪುರದ ಹುಡುಗನೇ ಹೇಳಿದ. ಸರಿಯಾದ ಮಾತು: ಸಿಟ್ಟಿಗೆ ಬರುವುದೇ ಸ್ವಭಾವದಲ್ಲಿಲ್ಲ, ಸ್ವಲ್ಪ ಮಂದ ಎಂಬ ಸೂಚನೆಯೂ ಇದೆ. ಟ್ರಾಂಕ್ವಿಲ್ ಹೆಚ್ಚಾಗಿ ಜಾಗಕ್ಕೆ, ಬದುಕಿಗೆ. 1969ರಲ್ಲಿ ಅಪೊಲೊ 11 ಇಳಿದ ಜಾಗ ‘ಸೀ ಆಫ್ ಟ್ರಾಂಕ್ವಿಲಿಟಿ’. ಜಿಕೆ ಪ್ರಶ್ನೆಯೂ ಅದರಲ್ಲೇ ಮುಗಿಯಿತು.

ಪರೀಕ್ಷಿಸಲು ಒಂದು ಸುಲಭ ದಾರಿ ಹೇಳಿಬಿಡುತ್ತೇನೆ: ಆಜ್ಞೆ ಮಾಡಿ ನೋಡಿ. ‘ಬಿ ಸೀರಿಯಸ್’, ‘ಕಾಮ್ ಡೌನ್’ ನಡೆಯುತ್ತವೆ. ‘ಬಿ ಪ್ಲಾಸಿಡ್’ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಯಾವ ಶಬ್ದವನ್ನು ಮೊದಲು ಎತ್ತಿಕೊಳ್ಳಬೇಕು ಮತ್ತು ಎರಡನೇ ದಿನ ಬಾಗಿಲಲ್ಲೇ ನಿಲ್ಲಿಸಿ ಕೇಳುವ ಪ್ರಶ್ನೆ ಯಾವುದು, ಇವೆರಡು ನನ್ನ ಕ್ಲಾಸಿನವು. ಬರೆಯುವುದಿಲ್ಲ.

ಖರ್ಚು ಎಷ್ಟಾಯಿತು? ಚಾಕ್‌ಪೀಸು, ಒಂದು ದಿನದ ಬಸ್ ಚಾರ್ಜು, ಚಹಾ. ಸಾವಿರದೊಳಗೆ. ಮಾಕ್ ಟೆಸ್ಟಿನಲ್ಲಿ ಅದೇ ಹತ್ತು ಪ್ರಶ್ನೆಗೆ ಏಳು, ಎಂಟು ಬರತೊಡಗಿತು. ಮೂವತ್ತರ ಆಸುಪಾಸು ಇದ್ದ ಬ್ಯಾಚು ಐವತ್ತು ದಾಟಿತು. ಮೂರು ತಿಂಗಳಿಗೆ ಎರಡೂವರೆ ಸಾವಿರ ಫೀಸು, ಬಾಡಿಗೆ ಕಳೆದು ಕೈಯಲ್ಲಿ ಉಳಿಯುತ್ತಿದೆ. ‘ಆನ್ಸರ್ ಬೇಕ್ರಿ’ ಎಂದಿದ್ದ ಮಾಸ್ತರರಲ್ಲಿ ಒಬ್ಬರು ಈಗ ತಮ್ಮ ಹುಡುಗರನ್ನು ಭಾನುವಾರ ನನ್ನ ಹಾಲ್‌ಗೆ ಕಳಿಸುತ್ತಾರೆ. ಆ ದಿನದ ಫೀಸು ಅರ್ಧ ಅವರಿಗೆ, ಅರ್ಧ ನನಗೆ.