ಗಿನಿಪಿಗ್‌ಗಳ ಚಿತ್ರ ತೆಗೆಯುವ ಬಗೆ: ನನ್ನ ಅನುಭವ

ನಮ್ಮ ಮನೆಯಲ್ಲಿ ಎರಡು ಗಿನಿಪಿಗ್‌ಗಳಿವೆ. ಒಂದು ಅಚ್ಚ ಕಪ್ಪು, ಇನ್ನೊಂದು ಕಂದು-ಬಿಳಿ. ಅವುಗಳ ಚಿತ್ರ ತೆಗೆಯಲು ಕೂರುವಾಗ ನಾನು ಕ್ಯಾಮೆರಾಕ್ಕಿಂತ ಮೊದಲು ಗಮನಿಸುವುದು ಅವು ನಿರ್ಭಯವಾಗಿವೆಯೇ ಎಂಬುದನ್ನು. ದಕ್ಷಿಣ ಅಮೆರಿಕ ಮೂಲದ ಈ ಜೀವಿಗಳ ಪೂರ್ವಜರು ಹದ್ದು, ನರಿಗಳಿಗೆ ಆಹಾರವಾಗುತ್ತಿದ್ದವರಾದ್ದರಿಂದ, ಮೇಲಿನಿಂದ ಏನೇ ಬಾಗಿದರೂ ಇವು ಇದ್ದಲ್ಲೇ ಸ್ತಬ್ಧವಾಗಿಬಿಡುತ್ತವೆ. ಹಾಗೆ ನಿಂತಾಗ ಚಿತ್ರ ತೆಗೆಯುವುದು ಸುಲಭವೆಂದು ತೋರಬಹುದು. ಆದರೆ ಮೈ ಬಿಗಿಹಿಡಿದು ಕೂತ ಪ್ರಾಣಿಯ ಚಿತ್ರವನ್ನು ನಾನು ಉಳಿಸಿಕೊಳ್ಳುವುದಿಲ್ಲ.

ಆದ್ದರಿಂದ ಎಲ್ಲವೂ ನೆಲದ ಮೇಲೆಯೇ ನಡೆಯುತ್ತದೆ. ಮೇಜಿನಿಂದ ಬಿದ್ದರೆ ಅವುಗಳ ಸಣ್ಣ ಮೂಳೆಗಳು ಮುರಿಯುವ ಅಪಾಯವಿದೆ. ಪಡುವಣ ಕಿಟಕಿಯ ಬಳಿ ಹತ್ತಿಯ ಜಮಖಾನ ಹಾಸಿ, ತೆಳುವಾದ ಬಿಳಿ ಪರದೆ ಎಳೆದು, ಬೆಳಗಿನ ತಂಪಿನಲ್ಲಿ ಅವುಗಳನ್ನು ಬಿಡುತ್ತೇನೆ. ನೇರ ಬಿಸಿಲನ್ನೂ ಸೆಕೆಯನ್ನೂ ಅವು ತಾಳವು. ನಾನು ಬೋರಲಾಗಿ ಮಲಗಿ ಮಸೂರವನ್ನು ಅವುಗಳ ಕಣ್ಣಿನ ಮಟ್ಟಕ್ಕೆ ತರುತ್ತೇನೆ. ಕಿಟಕಿಯು ಓರೆಯಾಗಿ ಮುಂದಿದ್ದರೆ ಕಪ್ಪು ಕಣ್ಣಿನಲ್ಲಿ ಅದರ ಪುಟ್ಟ ಬಿಳಿ ಚೌಕ ಮೂಡುತ್ತದೆ. ಆ ಹೊಳಪಿಲ್ಲದೆ ಕಪ್ಪು ಗಿನಿಪಿಗ್‌ನ ಮುಖದಲ್ಲಿ ಕಣ್ಣು ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಫ್ಲಾಷ್ ಬಳಸುವುದಿಲ್ಲ. ಮನೆಯ ಎಲ್‌ಇಡಿ ದೀಪಗಳನ್ನೂ ಆರಿಸುತ್ತೇನೆ, ಏಕೆಂದರೆ ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾಗಿದ್ದು, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ವೇಗದ ಶಟರ್‌ನಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬೀಳಬಹುದು. ಗಿನಿಪಿಗ್ ಸುಮ್ಮನಿದ್ದಂತೆ ಕಂಡರೂ ಅದರ ಮೂಗೂ ಮೀಸೆಯೂ ಅಲುಗುತ್ತಲೇ ಇರುತ್ತವೆ. ಹಾಗಾಗಿ ಶಟರ್ 1/250 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಂಡು, ಬೇಕಾದರೆ ಐಎಸ್‌ಒವನ್ನು, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, 1600ರವರೆಗೆ ಏರಿಸುತ್ತೇನೆ. ಅದರಿಂದ ಚಿತ್ರದಲ್ಲಿ ತುಸು ಕಾಳುಕಾಳು ಚುಕ್ಕೆಗಳು ಕಾಣಿಸಿದರೂ ಚಿಂತೆಯಿಲ್ಲ. ಮೂಗಿನಿಂದ ಕಣ್ಣಿನವರೆಗೆ ಮುಖ ಉದ್ದವಿರುವ ಕಾರಣ, ಮಸೂರದ ದ್ವಾರವನ್ನು ಅಗಲವಾಗಿ ತೆರೆದ ಎಫ್/1.8ರಲ್ಲಿ ಕಣ್ಣು ಸ್ಪಷ್ಟವಾದರೆ ಮೂಗು ಮಸುಕಾಗುತ್ತದೆ. ದ್ವಾರ ಕಿರಿದಾಗುವ ಎಫ್/4 ಅಥವಾ 5.6 ನನಗೆ ಹಿಡಿಸಿದೆ. 90 ಎಂಎಂ ಮ್ಯಾಕ್ರೊ (ಚಿಕ್ಕದನ್ನು ದೊಡ್ಡದಾಗಿ ತೋರಿಸುವ) ಮಸೂರವಾದರೆ ದೂರದಲ್ಲೇ ಇರಬಹುದೆಂಬುದು ದೊಡ್ಡ ಅನುಕೂಲ. ಮೊಬೈಲ್‌ನಲ್ಲಿ ತೆಗೆಯುವವರು ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬಳಸದಿರುವುದು ಒಳ್ಳೆಯದು, ಅದು ಅನೇಕ ವೇಳೆ ಮೀಸೆಯ ಎಳೆಗಳನ್ನು ಹಿನ್ನೆಲೆಯೊಂದಿಗೆ ಅಳಿಸಿಹಾಕುತ್ತದೆ.

ಕೊತ್ತಂಬರಿ ಸೊಪ್ಪಿನ ಒಂದು ಕಡ್ಡಿಯನ್ನು ಮಸೂರದ ಪಕ್ಕದಲ್ಲಿ ಹಿಡಿದರೆ ಅವು ಮುಂದೆ ಬರುತ್ತವೆ. ಆದರೆ ನನಗೆ ಬೇಕಾದ ಕ್ಷಣ ತಿನ್ನುವುದಕ್ಕಿಂತ ಮೊದಲಿನದು: ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಚೀಲ ಸರಸರ ಎಂದೊಡನೆ ಎರಡೂ ತಲೆಯೆತ್ತಿ, ಕಿವಿ ನಿಮಿರಿಸಿ, ವೀಕ್ ವೀಕ್ ಎಂದು ಕೂಗತೊಡಗುತ್ತವೆ. ಆ ಹೊತ್ತಿಗೆ ಕ್ಯಾಮೆರಾ ಸಿದ್ಧವಿರಬೇಕು. ಚೀಲದ ಸದ್ದು ಮಾಡಲು ನಮ್ಮ ಮನೆಯವರ ನೆರವು ಪಡೆಯುತ್ತೇನೆ. ಕೂಗಿದ ಮೇಲೆ ಸೊಪ್ಪು ಕೊಡದೆ ಬಿಡುವುದಿಲ್ಲ.

ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೆಗೆಯುವಾಗ ಬಿಳಿ ತುಪ್ಪಳದ ವಿವರ ಅತಿಬೆಳಕಿನಲ್ಲಿ ಅಳಿಸಿಹೋಗದಂತೆ ಕ್ಯಾಮೆರಾದಲ್ಲಿ ಬೆಳಕನ್ನು ತುಸು ತಗ್ಗಿಸಿ, ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತದಲ್ಲಿ) ಆಮೇಲೆ ಕಪ್ಪು ಭಾಗವನ್ನು ಬೆಳಗಿಸುತ್ತೇನೆ. ಕಪ್ಪು ಗಿನಿಪಿಗ್‌ನ ಆಚೆ ಬದಿಗೆ ಕಿಟಕಿಯ ಬೆಳಕನ್ನು ಮರಳಿಸಲು ಒಂದು ಬಿಳಿ ಥರ್ಮೊಕೋಲ್ ಹಲಗೆಯನ್ನು ನಿಲ್ಲಿಸಿದರೆ ಆ ಕೆಲಸದ ಅರ್ಧ ಭಾಗ ಅಲ್ಲಿಯೇ ಮುಗಿಯುತ್ತದೆ.